ಆಂಟೆನಾ ಕೊಳ್ಳೂಕಿಂತ ಮೊದಲ ಪಂಪ್ ಬಂದ್ ಮಾಡಿ ನೋಡ್ರಿ

ಜಮಖಂಡಿ ಅಣ್ಣಾರ, ನಿಮ್ಮ ಮೆಸೇಜ್ ಎರಡ ಸಲ ಓದೀನಿ. ಬದುವಿನ ಮ್ಯಾಲೆ ಇಟ್ಟಾಗ ಡ್ರೋನ್ 17 ಸ್ಯಾಟಲೈಟ್ ತೋರಿಸ್ತೈತಿ, ಕಬ್ಬಿನ ಮ್ಯಾಲೆ ಹೋಗಿ ಸ್ಪ್ರೇ ಚಾಲೂ ಆದಕೂಡಲೇ 9ಕ್ಕ ಇಳೀತೈತಿ, ‘ಜಿಪಿಎಸ್ ಗ್ಲಿಚ್’ ಅಂತ ಬಂದು ಬಾಜೂ ಹೊಲದ ಕಡೆ ಜರೀತೈತಿ ಅಂತ ಬರದೀರಿ. ಕೆಳಗ ಇಬ್ಬರು ‘ಹೊರಗಿನ ದೊಡ್ಡ ಆಂಟೆನಾ ಹಾಕಸ್ರಿ’ ಅಂದಾರ. ಈಗಲೇ ರೊಕ್ಕ ಬಿಚ್ಚಬ್ಯಾಡ್ರಿ. ಸ್ಪ್ರೇ ಚಾಲೂ ಆದಮ್ಯಾಲೆ ಕೆಡತೈತಿ ಅಂದ್ರ ಅದು ಆಕಾಶದ ತಪ್ಪಲ್ಲ, ಡ್ರೋನಿನ ಮೈಮ್ಯಾಲೇ ಯಾವುದೋ ಒಂದು ಗದ್ದಲ ಮಾಡಾಕತ್ತೈತಿ. ಅದನ್ನ ಹಂಗ ಬಿಟ್ಟು ದೊಡ್ಡ ಆಂಟೆನಾ ಹಾಕಿದ್ರ ಆ ಗದ್ದಲಾನೂ ಅದು ದೊಡ್ಡದಾಗೇ ಕೇಳ್ತೈತಿ.

ಜಿಪಿಎಸ್ ಸ್ಯಾಟಲೈಟ್ ಸುಮಾರು 20,200 ಕಿಲೋಮೀಟರ್ ಮ್ಯಾಲೆ ಅದಾವು. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಾಗ ಬರೋ ಸಿಗ್ನಲ್ ನಮ್ಮ ಹೊಲ ಮುಟ್ಟೂದ್ರಾಗ ರಿಸೀವರಿನ ಸ್ವಂತ ಗುಜುಗುಜುಕ್ಕಿಂತ ಸಣ್ಣದಾಗಿರ್ತೈತಿ. ಸಂಕ್ರಾಂತಿಯೊಳಗ ಸಿದ್ಧೇಶ್ವರ ಜಾತ್ರ್ಯಾಗ ದೂರ ನಿಂತವರು ಪಿಸುಗುಟ್ಟಿದ್ದನ್ನ ಕೇಳಬೇಕಾದ್ರ ನಿಮ್ಮ ಕಿವಿ ಬಾಜೂ ಪೀಪಿ ಊದೋ ಹುಡುಗನ್ನ ಮೊದಲ ಸರಿಸಬೇಕಲ್ಲ, ಇದೂ ಅಷ್ಟ.

ನಮ್ಮ ತಿಕೋಟಾ ಕಡೆ ದ್ರಾಕ್ಷಿ ತ್ವಾಟದಾಗ ನನಗ ಇದ ಕಾಟ ಇತ್ತು. ಅಕ್ಟೋಬರ್ ಚಾಟಣಿ (ಬಳ್ಳಿ ಕತ್ತರಿಸೂದು) ಆದಮ್ಯಾಲೆ 10 ಲೀಟರಿನ ಡ್ರೋನಿಗೆ ಒಂದು ಎಲ್‌ಇಡಿ ದೀಪ ಹಚ್ಚಿಸಿದ್ದೆ. ಅದಕ್ಕ 12 ವೋಲ್ಟ್ ಕೊಡಾಕ ಹೆಬ್ಬೆರಳಿನಷ್ಟ ಒಂದು ಕನ್ವರ್ಟರ್, ಜಿಪಿಎಸ್ ಕಂಬದ ಬುಡಕ್ಕ ಟೇಪ್ ಸುತ್ತಿ ಕೂಡಿಸಿದ್ರು. ಲ್ಯಾಪ್‌ಟಾಪಿಗೆ ಹಚ್ಚಿ ಒಂದೊಂದು ಸ್ಯಾಟಲೈಟಿನ ಸಿಗ್ನಲ್ ಎಷ್ಟು ಗಟ್ಟಿ ಐತಿ ಅಂತ ತೋರಿಸೋ ಕಡ್ಡಿ ನೋಡಿದ್ರ, ದೀಪ ಬಂದ್ ಇದ್ದಾಗ 44, 45 ಇದ್ದ ಕಡ್ಡಿಗೋಳು ದೀಪ ಹಚ್ಚಿದಕೂಡಲೇ 31, 32ಕ್ಕ ಕುಸಿದ್ವು. ಕನ್ವರ್ಟರ್ ಬಿಚ್ಚಿ ಒಂದು ಗೇಣು ಕೆಳಗ, ಬ್ಯಾಟರಿ ತಟ್ಟೆಯ ಅಡಿಗಿಟ್ಟೆ, ವೈರ್ ಎರಡೂ ಹೆಣೆದು ವೈರಿನ ಗದ್ದಲ ತಡಿಯೋ ಫೆರೈಟ್ ಉಂಗುರದಾಗ ಮೂರು ಸುತ್ತು ಹಾಕಿದೆ. ಕಡ್ಡಿ ಹೊಳ್ಳಿ 43ಕ್ಕ ಬಂದ್ವು. ಹೊಸ ಆಂಟೆನಾ ಬೇಕಾಗಲಿಲ್ಲ.

ನೀವೂ ಹಂಗ ಮಾಡ್ರಿ. ಮೊದಲ ಪ್ರೊಪೆಲ್ಲರ್ ಬಿಚ್ಚಿ ದೂರ ಇಡ್ರಿ, ಇದರಾಗ ಅವಸರ ಬ್ಯಾಡ, ಬೆರಳು ಹೋದ್ರ ಹೊಳ್ಳಿ ಬರೂದಿಲ್ಲ. ಬೇವಿನ ಗಿಡ, ತಗಡಿನ ಶೆಡ್, ಟ್ರಾಲಿ ಯಾವುದೂ ಹತ್ರ ಇಲ್ಲದ ಬಯಲಾಗ ಡ್ರೋನ್ ಇಡ್ರಿ. ತಿಂಗಳುಗಟ್ಟಲೆ ಇಟ್ಟಿದ್ದ ಡ್ರೋನ್ ಆದ್ರ 15 ನಿಮಿಷ ಸುಮ್ಮನ ಬಿಡ್ರಿ. ಯಾವ ಸ್ಯಾಟಲೈಟ್ ಎಲ್ಲೈತಿ ಅನ್ನೋ ಪೂರ್ತಿ ಪಟ್ಟಿ ಆಕಾಶದಿಂದ ಇಳಿಯಾಕ 12.5 ನಿಮಿಷ ಬೇಕು. ಈಗ ಸ್ಯಾಟಲೈಟ್ ಎಷ್ಟು, ಎಚ್‌ಡಿಒಪಿ (ಸ್ಯಾಟಲೈಟ್ ಹರಡಿದ ರೀತಿಯಿಂದ ಜಾಗ ಎಷ್ಟು ತಪ್ಪಬಹುದು ಅನ್ನೋ ಅಂಕಿ, ಸಣ್ಣದಿದ್ದಷ್ಟ ಚಲೋ) ಎಷ್ಟು, ಕಡ್ಡಿ ಎಷ್ಟು ಅಂತ ವಹಿಯಾಗ ಬರಕೊಳ್ರಿ. ಟ್ಯಾಂಕಿಗೆ ಬರೇ ನೀರು ಹಾಕಿ ಪಂಪ್ ಒಂದ ಚಾಲೂ ಮಾಡ್ರಿ, ಎರಡು ನಿಮಿಷ ನೋಡ್ರಿ, ಬಂದ್ ಮಾಡ್ರಿ. ಆಮ್ಯಾಲೆ ಕ್ಯಾಮೆರಾ, ಆಮ್ಯಾಲೆ ರಾಡಾರ್, ಆಮ್ಯಾಲೆ ದೀಪ. ಯಾವುದು ಚಾಲೂ ಆದಾಗ ಕಡ್ಡಿ 35ರ ಕೆಳಗ ಬೀಳ್ತೈತೋ ಅದ ಕಳ್ಳ. ನಿಮ್ಮ ಮಾತಿನ ಮ್ಯಾಲೆ ಹೇಳೂದಾದ್ರ ನನ್ನ ಅನುಮಾನ ಪಂಪಿನ ವೈರಿನ ಮ್ಯಾಲೇ ಐತಿ. ಅದು ಜಿಪಿಎಸ್ ವೈರಿನ ಜೋಡಿ ಒಂದ ಕಟ್ಟಿನ್ಯಾಗ ಹೋಗೇತೇನು ನೋಡ್ರಿ. ಎಚ್‌ಡಿಒಪಿ 1.4 ದಾಟಿದ್ರ ಹಾರಿಸಬ್ಯಾಡ್ರಿ.

ಇನ್ನೊಂದು, ಡ್ರೋನ್ ಒಂದ ಕಡೆ ಜರಿಯೂದು ಬ್ಯಾರೆ, ಗಾಣದ ಎತ್ತಿನಂಗ ಸುತ್ತು ಹೊಡಿಯೂದು ಬ್ಯಾರೆ. ಸುತ್ತು ಹೊಡಿಯಾಕತ್ರ ಅದು ಬಹುತೇಕ ಕಂಪಾಸಿನ ದೋಷ, ಯಾವ ಆಂಟೆನಾ ಹಾಕಿದ್ರೂ ಹೋಗೂದಿಲ್ಲ. ಕಬ್ಬಿಣದ ಆ್ಯಂಗಲ್ ಹುಗಿದ ದ್ರಾಕ್ಷಿ ಚಪ್ಪರದ ಬಾಜೂ, ಬೋರ್‌ವೆಲ್ ಕೇಸಿಂಗ್ ಹತ್ರ, ಸರಳು ಹಾಕಿದ ಕಾಂಕ್ರೀಟ್ ಕಟ್ಟಿ ಮ್ಯಾಲೆ ಕಂಪಾಸಿನ ಕ್ಯಾಲಿಬ್ರೇಷನ್ (ದಿಕ್ಕು ಸರಿ ಹೊಂದಿಸೂದು) ಮಾಡಬ್ಯಾಡ್ರಿ.

ಗದ್ದಲ ಸಿಗಲಿಲ್ಲ ಅಂದ್ರ ಈಗಿರೋ ಆಂಟೆನಾದ ಜೋಡಣಿ ತಿರುವಿ ನೋಡ್ರಿ. ದಾಳಿಂಬ್ರಿಗೆ, ದ್ರಾಕ್ಷಿಗೆ ಮೈಲುತುತ್ತ, ಸುಣ್ಣ ಕೂಡಿದ ಬೋರ್ಡೊ ದ್ರಾವಣ ಹೊಡಿಯೋರೆಲ್ಲ ಇದನ್ನ ನೋಡಲೇಬೇಕು. ನಮ್ಮ ಕಡೆ ಒಬ್ಬರ ಡ್ರೋನ್ ಬಿಚ್ಚಿದಾಗ ನಟ್ಟಿನ ಒಳಗಿನ ಪಿನ್ ಹಸರಗೆ ತಿರುಗಿತ್ತು, ಉಗುರಿನಿಂದ ಕೆರದ್ರ ಪುಡಿ ಉದುರ್ತಿತ್ತು. ಆಂಟೆನಾದ ಟೊಪ್ಪಿಗೆ ಮ್ಯಾಲೂ ಸುಣ್ಣದ ಪದರ ಇತ್ತು, ತೇವ ಆದಾಗ ಅದೂ ಸಿಗ್ನಲ್ ನುಂಗ್ತೈತಿ. ದಿನಾ ಕೆಲಸ ಮುಗಿದಮ್ಯಾಲೆ ಹಸಿ ಅರಿವಿಯಿಂದ ಒರೆಸ್ರಿ, ನೀರಿನ ಪೈಪ್ ಹಿಡಿಬ್ಯಾಡ್ರಿ.

ಇಷ್ಟಾದ್ರೂ ಹೊರಗಿನ ಆಂಟೆನಾನೇ ಬೇಕು ಅಂತ ಬಂದ್ರ, ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸರ್ಕಾರದ ಮಂಜೂರಾತಿ) ಇರೋ ಡ್ರೋನಿಗೆ ಮೊದಲ ಕಂಪನಿಗೆ ಬರೆದು ಕೇಳ್ರಿ. ಅವರು ಹೂಂ ಅಂದ್ರ ತರೂವಾಗ ಎಸ್‌ಎಂಎ ಮತ್ತ ಆರ್‌ಪಿ-ಎಸ್‌ಎಂಎ ಅನ್ನೋ ಎರಡು ಥರದ ಕನೆಕ್ಟರನ್ನೂ ಕೈಯಾಗ ಹಿಡಿದು ನೋಡ್ರಿ. ಹೊರಗಿನಿಂದ ಎರಡೂ ಒಂದ ಥರ, ತಿರುವಿದ್ರ ಕೂಡ್ತಾವು, ಆದ್ರ ನಡುವ ತೂತಿಗೆ ತೂತು ಇಲ್ಲಾ ಪಿನ್ನಿಗೆ ಪಿನ್ ಎದುರಾಗಿ ಜೋಡಣಿ ಸರಿ ಆಗೂದಿಲ್ಲ. ಇಂಥ ಆಂಟೆನಾದ ಒಳಗ ಸಣ್ಣ ಆಂಪ್ಲಿಫೈಯರ್ ಇರ್ತೈತಿ, ಅದಕ್ಕ ಅದ ಕೇಬಲ್ಲಿನಾಗಿಂದ ಕರೆಂಟ್ ಹೋಗಬೇಕು. ಮಲ್ಟಿಮೀಟರ್ ಇಟ್ಟು ನಡುವಿನ ಪಿನ್ನಿಗೂ ಹೊರಗಿನ ನಟ್ಟಿಗೂ ನಡುವ 3.3 ಇಲ್ಲಾ 5 ವೋಲ್ಟ್ ಬರ್ತೈತೇನು ನೋಡ್ರಿ, ಬರಲಿಲ್ಲ ಅಂದ್ರ ಆಂಟೆನಾ ಸತ್ತಂಗ. ಹೆಂಚಿನಂಥ ಪ್ಯಾಚ್ ಆಂಟೆನಾ ಆದ್ರ ಅದರ ಅಡಿಗೆ ಸುಮಾರು 7 ಸೆಂಟಿಮೀಟರ್ ಚೌಕದ ತಾಮ್ರದ ಇಲ್ಲಾ ಅಲ್ಯೂಮಿನಿಯಂ ತಗಡು ಇರಲಿ, ಮುಖ ಆಕಾಶಕ್ಕ ಸಪಾಟ ಇರಲಿ. ಕಾರ್ಬನ್ ಫೈಬರ್ ಮುಚ್ಚಳದ ಅಡಿಗೆ ಇಟ್ರ ಅದು ಕತ್ತಲ ಕೋಣ್ಯಾಗ ಇಟ್ಟಂಗ. ಕೇಬಲ್ ಬೇಕಾದಷ್ಟ ಉದ್ದ ಇರಲಿ, ಹೆಚ್ಚಾದದ್ದನ್ನ ಸುರುಳಿ ಸುತ್ತಿ ಮೋಟರ್ ವೈರಿನ ಮ್ಯಾಲೆ ತುರುಕಬ್ಯಾಡ್ರಿ.

ಬೆಳಗಾವಿ ವಿಮಾನ ನಿಲ್ದಾಣ ಇರೋ ಸಾಂಬ್ರಾದಾಗ ತರಬೇತಿ ವಿಮಾನದ ರೇಡಿಯೋ ಕೆಲಸ ಮಾಡೋ ನನ್ನ ಗೆಳೆಯಾರು ಹೇಳಿದ ಮಾತು ಇಲ್ಲಿ ಹೇಳಲೇಬೇಕು. ಸಣ್ಣ ವಿಮಾನದಾಗೂ ಇದ ಜಗಳ. ರೇಡಿಯೋ ತಾನು ಮಾತಾಡೋ ಫ್ರೀಕ್ವೆನ್ಸಿಯ ಎರಡು, ಮೂರು ಹಿಂಗ ಪಟ್ಟುಗೋಳ ಮ್ಯಾಲೂ ಒಂಚೂರು ಸೋರತೈತಿ. ಪೈಲಟ್ 121.15 ಮೆಗಾಹರ್ಟ್ಸ್‌ನಾಗ ಮಾತಾಡಿದ್ರ ಅದರ 13ನೇ ಪಟ್ಟು 1574.95, 131.3ರಾಗ ಮಾತಾಡಿದ್ರ 12ನೇ ಪಟ್ಟು 1575.6. ಎರಡೂ ಜಿಪಿಎಸ್ ಬಾಗಿಲಿಗೇ ಬಂದು ನಿಲ್ತಾವು. ಮೈಕಿನ ಗುಂಡಿ ಒತ್ತಿದಾಗ ನಕಾಶಿ ಹೋಗೂದು, ಬಿಟ್ಟಾಗ ಬರೂದು. ಅಲ್ಲೂ ಅವರು ಮೊದಲ ಮಾಡೂದು ರೇಡಿಯೋ ಆಂಟೆನಾ ಎಷ್ಟು ದೂರ ಐತಿ ಅಂತ ಅಳಿಯೂದು. ಆಮ್ಯಾಲೆ ರೇಡಿಯೋ ಕಡೆ ಫಿಲ್ಟರ್ ಹಾಕೂದು.

ಹೊತ್ತು ಮುಣುಗಿದಮ್ಯಾಲೆ ಈ ತಪಾಸಣಿ ಮಾಡಬ್ಯಾಡ್ರಿ. ನಾವು ಇರೋದು ಭೂಮಿಯ ನಡುಪಟ್ಟಿಗೆ ಹತ್ರ. ಮಾರ್ಚ್ ಸುತ್ತ, ಸೆಪ್ಟೆಂಬರ್-ಅಕ್ಟೋಬರ್ ಸುತ್ತ ಸಂಜಿ 7ರಿಂದ ಮಧ್ಯರಾತ್ರಿ ತನಕ ಮ್ಯಾಲಿನ ಅಯಾನುಗೋಳ (ಆಕಾಶದಾಗ ವಿದ್ಯುತ್ ಕಣ ತುಂಬಿದ ಪದರ) ಕಲಕಿ ಕಡ್ಡಿಗೋಳು ತಾವೇ ಕುಣೀತಾವು, ಒಳ್ಳೆ ಆಂಟೆನಾದ ಮ್ಯಾಲೂ ಸುಳ್ಳು ಅನುಮಾನ ಬರ್ತೈತಿ. ಮುಂಜಾನೆ ಮಾಡ್ರಿ.

ಮತ್ತ ಟೇಕಾಫ್ ಜಾಗ ಬದಲ ಮಾಡ್ರಿ ಅಣ್ಣಾರ. ಫೋಟೋದಾಗ ನೋಡಿದ್ರ ಶೆಡ್ಡಿನ ತಗಡಿಗೆ ಹತ್ತಿ ಏಳಸ್ತೀರಿ. ತಗಡಿಗೆ ಬಡಿದು ಬಂದ ಸಿಗ್ನಲ್ ನಂಬಿ ಡ್ರೋನ್ ಮನಿ ಜಾಗ ತಪ್ಪು ಬರಕೊಂಡಿತು ಅಂದ್ರ, ಬ್ಯಾಟರಿ ಇಳಿದಾಗ ಹೊಳ್ಳಿ ಬರೂದೂ ತಪ್ಪು ಜಾಗಕ್ಕ. ಅಲ್ಲಿ ಹುಡುಗರು ನಿಂತಿರ್ತಾರ. ಬದುವಿನ ಆ ತುದಿಗೆ ಹೋಗ್ರಿ.

ನಾಳೆ ಪಂಪ್ ಬಂದ್ ಇದ್ದಾಗಿನ ಕಡ್ಡಿ ಒಂದು, ಚಾಲೂ ಇದ್ದಾಗಿಂದು ಒಂದು, ಎರಡು ಫೋಟೋ ಇಲ್ಲೇ ಹಾಕ್ರಿ. ಜಿಪಿಎಸ್ ಕಂಬದ ಸುತ್ತ ವೈರ್ ಹೆಂಗ ಹೋಗ್ಯಾವು ಅನ್ನೋದೂ ಹತ್ತಿರದಿಂದ ಒಂದು ತಗೀರಿ.