ವೇಲ್ಸ್‌ನ ನಾಲ್ಕು ಸೀಟಿನ ಲೆಕ್ಕ

2019ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೇಲ್ಸ್‌ನಲ್ಲಿ, ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕು ಅಂತಿದ್ದ ಬ್ರೆಕ್ಸಿಟ್ ಪಾರ್ಟಿಗೆ ಶೇ. 32.5 ಮತಕ್ಕೇ ಅರ್ಧದಷ್ಟು ಸೀಟು ಹೇಗೆ ಸಿಕ್ಕಿತು ಅಂತ ಕೇಳಿದ್ದೀರಿ. ಮೋಸ ಏನಿಲ್ಲ, ಮತಗಳನ್ನು ಭಾಗಿಸುತ್ತಾ ಸೀಟು ಹಂಚುವ ಡಿ'ಹಾಂಟ್ ಲೆಕ್ಕ ಅಷ್ಟೇ. ಆಗ ಇಡೀ ವೇಲ್ಸ್ ಒಂದೇ ಕ್ಷೇತ್ರವಾಗಿತ್ತು, ಸೀಟು ನಾಲ್ಕಿದ್ದವು. ಇಷ್ಟು ಕಡಿಮೆ ಸೀಟಿದ್ದರೆ ಮತಕ್ಕೆ ತಕ್ಕ ಪಾಲು ಅನ್ನೋದು ಹೆಸರಿಗೆ ಮಾತ್ರ, ಅಲ್ವಾ?

ಒಂದೊಂದು ಸೀಟೂ ಆ ಸುತ್ತಿನಲ್ಲಿ ಅತಿ ದೊಡ್ಡ ಸಂಖ್ಯೆ ಇರುವ ಪಕ್ಷಕ್ಕೆ. ಒಂದು ಸೀಟು ಗೆದ್ದ ಪಕ್ಷದ ಮತವನ್ನು ಎರಡರಿಂದ ಭಾಗಿಸುತ್ತಾರೆ, ಎರಡು ಗೆದ್ದರೆ ಮೂರರಿಂದ. ಬ್ರೆಕ್ಸಿಟ್ ಪಾರ್ಟಿಗೆ ಬಂದದ್ದು ಸುಮಾರು 2.71 ಲಕ್ಷ. ಮೊದಲ ಸೀಟು ಅದಕ್ಕೆ. ಎರಡನೆಯದು 1.64 ಲಕ್ಷ ಪಡೆದ ವೇಲ್ಸ್‌ನ ಪ್ರಾದೇಶಿಕ ಪಕ್ಷ ಪ್ಲೈಡ್ ಕಮ್ರಿಗೆ. ಅರ್ಧ ಮಾಡಿದರೂ ಬ್ರೆಕ್ಸಿಟ್ ಪಾರ್ಟಿ ಹತ್ತಿರ 1.36 ಲಕ್ಷ ಉಳಿಯಿತು, ಲೇಬರ್‌ನದ್ದು 1.28. ಹಾಗಾಗಿ ಮೂರನೆಯದೂ ಬ್ರೆಕ್ಸಿಟ್ ಪಾರ್ಟಿಗೇ, ಕೊನೆಯದು ಲೇಬರ್‌ಗೆ. ಪಾಪ, 1.14 ಲಕ್ಷ ಪಡೆದ ಲಿಬರಲ್ ಡೆಮಾಕ್ರಾಟರಿಗೆ ಸೊನ್ನೆ.