ರಿಂಗ್ ಹಾಕ್ಸಿದ್ಮೇಲೆ ಪವರ್ ಟಿಲ್ಲರ್ ಹೊಗೆ ಉಗುಳ್ತಿದೆ, ಇಂಜಿನ್ ಮತ್ತೆ ಬಿಚ್ಚಿಸ್ಬೇಕಾ?

ಬೇಡ. ಸದ್ಯಕ್ಕಂತೂ ಬಿಚ್ಚಿಸ್ಬೇಡಿ.

ನಿಮ್ ಪ್ರಶ್ನೆ ಎರಡ್ ಸಲ ಓದ್ದೆ. 13 ಎಚ್‌ಪಿ ಟಿಲ್ಲರ್, ಲೈನರ್ (ಸಿಲಿಂಡರ್ ಒಳಗೋಡೆ), ಪಿಸ್ಟನ್, ಅದರ ಸುತ್ತ ಕೂರೋ ರಿಂಗ್ ಎಲ್ಲ ಹೊಸದು, ಅದೇ ಕೈಯಲ್ಲಿ ಡೀಸೆಲ್ ಸಿಡಿಸೋ ನಾಜಲ್ ಸರ್ವಿಸ್, ಡೀಸೆಲ್ ಪಂಪ್ ಲೀಕ್ ಇತ್ತು ಅಂತ ಅದನ್ನೂ ಬಿಚ್ಚಿ ಹಾಕಿದಾರೆ. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ದಟ್ಟ ಬಿಳಿ ಹೊಗೆ, ಬಿಸಿ ಆದ್ಮೇಲೂ ಪೂರ್ತಿ ಹೋಗಲ್ಲ, ಒಂಥರಾ ನೀಲಿ ಛಾಯೆ ಇರತ್ತೆ, ಪಿಕಪ್ ಇಲ್ಲ. ಮೆಕ್ಯಾನಿಕ್ಕು ಹತ್ತು ಗಂಟೆ ಸುಮ್ನೆ ಓಡ್ಸಿ ತಾನಾಗೇ ನಿಲ್ಲತ್ತೆ ಅಂತಾನೆ, ಆರು ಗಂಟೆ ಆಯ್ತು ನಿಂತಿಲ್ಲ, ಮುಂದಿನ ವಾರ ಗದ್ದೆ ಕೆಸರು ಮಾಡೋದಿದೆ.

ನಾನು ಮೆಕ್ಯಾನಿಕ್ ಅಲ್ಲ, ಭದ್ರಾ ಕಾಲುವೆ ಕೊನೇ ಭಾಗದಲ್ಲಿ ಭತ್ತ ಹಾಕೋನು. ಕೊನೇ ಭಾಗ ಅಂದ್ರೆ ಗೊತ್ತಲ್ಲ, ನೀರು ಬಂದಾಗ ಬಂತು, ಇಲ್ದಿದ್ರೆ ಹಳ್ಳಕ್ಕೆ ಡೀಸೆಲ್ ಇಂಜಿನ್ ಇಟ್ಟು ಎತ್ಬೇಕು. ಹಂಗಾಗಿ ಒಂದು ಟಿಲ್ಲರ್ರು ಒಂದು 5 ಎಚ್‌ಪಿ ಪಂಪ್‌ಸೆಟ್ಟು ಎರಡನ್ನೂ ನಾನೇ ಬಿಚ್ಚಿ ಹಾಕಿ ಹಾಳೂ ಮಾಡಿ ರಿಪೇರಿನೂ ಮಾಡಿ ಕಲ್ತಿದ್ದು. ಅದರಲ್ಲಿ ನಂಗೆ ಅರ್ಥ ಆಗಿದ್ದು ಏನಂದ್ರೆ, ರಿಪೇರಿಗೆ ಮುಂಚೆ ಇಲ್ದಿರೋ ಹೊಗೆ ರಿಪೇರಿ ಆದ್ಮೇಲೆ ಬಂತು ಅಂದ್ರೆ ಮೊದ್ಲು ಅವತ್ತು ಕೈ ಎಲ್ಲೆಲ್ಲಿ ಹೋಗಿತ್ತೋ ಅಲ್ಲೇ ನೋಡ್ಬೇಕು, ಅದೂ ಹೊರಗಡೆ ಇರೋದನ್ನ ಮೊದ್ಲು, ಒಳಗಿನದನ್ನ ಕೊನೆಗೆ. ನಾವು ಉಲ್ಟಾ ಮಾಡ್ತೀವಿ, ಹೊಗೆ ಕಂಡ ತಕ್ಷಣ ರಿಂಗ್ ಸರಿ ಇಲ್ಲ ಅಂತ ಹೆಡ್ಡಿಗೇ, ಅಂದ್ರೆ ಸಿಲಿಂಡರ್ ಮುಚ್ಚಳಕ್ಕೇ ಪಾನಾ ಹಾಕ್ತೀವಿ.

ಮೊದಲು ಹೊಗೆ ಯಾವ್ದು ಅಂತ ನೋಡಿ. ಕಪ್ಪು ಹೊಗೆ ನಿಮ್ಮದಲ್ಲ, ಅದು ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ, ಬಿಡಿ. ನೀಲಿ ಅಂದ್ರೆ ಇಂಜಿನ್ ಆಯಿಲ್ ಸುಡ್ತಿದೆ. ಬಿಳಿ ಅಂದ್ರೆ ಎರಡು ಥರ, ಒಂದು ನೀರಿನ ಆವಿ, ಇನ್ನೊಂದು ಸುಡದೇ ಹಂಗೇ ಹೊರಗೆ ಬರ್ತಿರೋ ಡೀಸೆಲ್ಲು. ಇವೆರಡನ್ನ ಕಣ್ಣಲ್ಲಿ ನೋಡೋದಕ್ಕಿಂತ ಮೂಗಲ್ಲಿ ನೋಡೋದು ಸುಲಭ, ಡೀಸೆಲ್ ಹೊಗೆ ಆದ್ರೆ ಈರುಳ್ಳಿ ಹೆಚ್ಚಿದಂಗೆ ಕಣ್ಣಲ್ಲಿ ನೀರು ಬರತ್ತೆ, ಗಂಟಲು ಕೆರೆಯತ್ತೆ. ನೀರಿನ ಆವಿ ಉರಿಯಲ್ಲ, ಗಾಳಿಗೆ ಬಂದ ತಕ್ಷಣ ಕರಗಿ ಹೋಗತ್ತೆ. ಇನ್ನೂ ಅನುಮಾನ ಇದ್ರೆ ಒಂದು ಬಿಳಿ ರಟ್ಟನ್ನ ಸೈಲೆನ್ಸರ್ ಬಾಯಿಂದ ಒಂದಡಿ ದೂರ ಒಂದು ನಿಮಿಷ ಹಿಡೀರಿ. ನೀರಾದ್ರೆ ಒಣಗಿ ಗುರುತೇ ಇರಲ್ಲ, ಡೀಸೆಲ್ ಆದ್ರೆ ವಾಸ್ನೆ ಬರೋ ಹಸಿ ಕಲೆ ಹರಡತ್ತೆ, ಆಯಿಲ್ ಆದ್ರೆ ಜಿಡ್ಡು ಚುಕ್ಕೆ ಮಾರನೇ ದಿನಾನೂ ಹಂಗೇ ಇರತ್ತೆ. ಇದೆಲ್ಲ ಬಯಲಲ್ಲೇ ಮಾಡಿ, ಶೆಡ್ ಒಳಗೆ ಬಾಗಿಲು ಹಾಕ್ಕೊಂಡು ಇಂಜಿನ್ ಓಡಿಸ್ಬೇಡಿ, ಆ ಹೊಗೆ ಆಳನ್ನೇ ತಗೊಂಡ್ಬಿಡತ್ತೆ.

ನಿಮ್ಮ ಮಾತು ನೋಡಿದ್ರೆ ಎರಡು ಬೇರೆ ಬೇರೆ ಕತೆ ಕಲಸಿದೆ ಅನ್ಸತ್ತೆ, ಬಿಳಿಗೊಂದು ಕಾರಣ ನೀಲಿಗೊಂದು ಕಾರಣ.

ನೀಲಿ ಸುಲಭ, ಅದನ್ನ ಮೊದ್ಲು ಹೇಳ್ತೀನಿ. ಏರ್ ಕ್ಲೀನರ್ ಕೆಳಗಿನ ಬೌಲ್ ಬಿಚ್ಚಿ ನೋಡಿ. ಟಿಲ್ಲರ್‌ನಲ್ಲಿ ಬಹಳಷ್ಟು ಆಯಿಲ್ ಬಾತ್ ಏರ್ ಕ್ಲೀನರ್ (ಗಾಳಿಯ ಧೂಳನ್ನ ಆಯಿಲ್‌ನಲ್ಲಿ ಹಿಡಿಯೋದು) ಇರತ್ತೆ, ಬೌಲ್ ಒಳಗೆ ಒಂದು ಗೆರೆ ಇರತ್ತೆ, ಆಯಿಲ್ ಅಲ್ಲೀತನಕ ಮಾತ್ರ. ಹುಡುಗ್ರು ಪ್ರೀತಿಯಿಂದ ತುಂಬಾ ತುಂಬ್ಸಿರ್ತಾರೆ, ಇಂಜಿನ್ ಉಸಿರು ಎಳೆದಾಗೆಲ್ಲ ಆ ಆಯಿಲ್ ಗಾಳಿ ಜೊತೆ ಸೀದಾ ಸಿಲಿಂಡರ್‌ಗೆ ಹೋಗಿ ನೀಲಿಯಾಗಿ ಹೊರಗೆ ಬರತ್ತೆ. ಜಾಸ್ತಿ ಹೋದ್ರೆ ಇಂಜಿನ್ ಆ ಆಯಿಲ್ ಮೇಲೇ ಓಡೋಕೆ ಶುರು ಮಾಡತ್ತೆ, ರೇಸ್ ಏರ್ತಾನೇ ಹೋಗತ್ತೆ, ಡೀಸೆಲ್ ಬಂದ್ ಮಾಡಿದ್ರೂ ನಿಲ್ಲಲ್ಲ. ಹಂಗೇನಾದ್ರೂ ಆದ್ರೆ ಇಂಜಿನ್ ಗಾಳಿ ಒಳಗೆಳೆಯೋ ಬಾಯಿಗೆ ಹಲಗೆ ಒತ್ತಿ ಹಿಡೀಬೇಕು, ಕೈ ಕೊಡಬಾರ್ದು. ಆಮೇಲೆ ಇಂಜಿನ್ ಆಯಿಲ್ ಅಳೆಯೋ ಡಿಪ್ ಸ್ಟಿಕ್ ನೋಡಿ. ಟಿಲ್ಲರ್ ಸಮ ನೆಲದ ಮೇಲೆ ನಿಲ್ಸಿ ನೋಡ್ಬೇಕು, ಮೂತಿ ಕೆಳಗಾಗಿದ್ರೆ ಲೆವೆಲ್ ಸುಳ್ಳು ಹೇಳತ್ತೆ. ಮೇಲಿನ ಗೆರೆ ದಾಟಿದ್ರೆ ತೆಗೀರಿ, ತೆಗ್ಯೋ ಮುಂಚೆ ಮೂಸಿ ನೋಡಿ, ಡೀಸೆಲ್ ವಾಸ್ನೆ ಬಂದು ಆಯಿಲ್ ನೀರಿನಂಗೆ ತೆಳ್ಳಗಿದ್ರೆ ಡೀಸೆಲ್ ಒಳಗಿಳೀತಿದೆ ಅಂತ. ಅದು ಪಂಪಿಂದ ಸೋರಿ ಇರ್ಬಹುದು, ಸುಡದಿರೋ ಡೀಸೆಲ್ ಲೈನರ್ ಗೋಡೆ ತೊಳ್ಕೊಂಡು ಇಳಿದಿರ್ಬಹುದು. ಆಗ ಆಯಿಲ್ ಪೂರ್ತಿ ಬದಲಾಯಿಸ್ದೇ ಒಂದು ನಿಮಿಷಾನೂ ಓಡಿಸ್ಬೇಡಿ, ಬೇರಿಂಗ್ ತಿಂದಾಕತ್ತೆ.

ಇನ್ನೊಂದು, ಹಳೇ ಇಂಜಿನ್ ಆಯಿಲ್ ಸುಡ್ತಿದ್ದಿದ್ರೆ ಸೈಲೆನ್ಸರ್ ಒಳಗೆ ಆ ಜಿಡ್ಡು ಕೂತಿರತ್ತೆ, ರಿಪೇರಿ ಆದ್ಮೇಲೆ ಬಿಸಿ ಆದಾಗ ಅದೇ ಒಂದೆರಡು ಗಂಟೆ ಹೊಗೆ ಬಿಡತ್ತೆ. ಸೈಲೆನ್ಸರ್ ಬಿಚ್ಚಿಟ್ಟು ಎರಡು ನಿಮಿಷ ಓಡ್ಸಿ ನೋಡಿ (ಶಬ್ದಕ್ಕೆ ಊರೆಲ್ಲ ಎದ್ದು ಬರತ್ತೆ, ಬರ್ಲಿ), ಪೋರ್ಟಿಂದ ಬರೋ ಹೊಗೆ ತಿಳಿಯಾಗಿದ್ರೆ ನಿಮ್ ರಿಂಗ್ ನಿರಪರಾಧಿ.

ಈಗ ಬಿಳಿ. ನಂಗೆ ಇದೇ ದೊಡ್ಡದು ಅನ್ಸತ್ತೆ, ಯಾಕಂದ್ರೆ ಪಿಕಪ್ ಇಲ್ಲ ಅಂದ್ರಲ್ಲ. ಕಣ್ಣು ಉರಿಯೋ ಬಿಳಿ ಹೊಗೆ, ಜೊತೆಗೆ ದಮ್ಮಿಲ್ಲ ಅಂದ್ರೆ ಡೀಸೆಲ್ ತಡವಾಗಿ ಬೀಳ್ತಿದೆ ಅಥವಾ ಸರಿಯಾಗಿ ಸಿಡೀತಿಲ್ಲ. ಪಂಪನ್ನೂ ನಾಜಲ್ಲನ್ನೂ ಎರಡೂ ಮುಟ್ಟಿದಾರೆ ಅಂತ ನೀವೇ ಬರ್ದಿದೀರ.

ಪಂಪಿನ ಕತೆ ನಂದೇ ಹೇಳ್ತೀನಿ. ಪಂಪ್‌ಸೆಟ್ಟಿಗೆ ಹೊಸ ಡೀಸೆಲ್ ಪಂಪ್ ತಂದು ನಾನೇ ಕೂರಿಸ್ದೆ. ಪಂಪ್ ಅಡಿಗೆ ಕಾಗದದಷ್ಟು ತೆಳು ಪಟ್ಟಿ, ಶಿಮ್‌ಗಳು ಅಂತ ಇರ್ತವೆ, ಹಳೇ ಪಂಪಿನ ಅಡಿ ಇದ್ದವು ಇಂಜಿನ್ ಮೇಲೇ ಆಯಿಲ್‌ಗೆ ಅಂಟ್ಕೊಂಡಿದ್ವು, ಹೊಸ ಪ್ಯಾಕೆಟ್‌ನಲ್ಲಿ ಬಂದಿದ್ದನ್ನೂ ಅದರ ಮೇಲೆ ಹಾಕ್ಬಿಟ್ಟೆ. ಸ್ಟಾರ್ಟ್ ಮಾಡಿದ್ರೆ ಗದ್ದೆ ಬದು ಕಾಣ್ದಂಗೆ ಬಿಳಿ ಹೊಗೆ. ರಿಂಗ್ ಅಂದ್ಕೊಂಡು ಹೆಡ್ ಬಿಚ್ಚಿದೆ, ವಾಲ್ವ್ ಅಂದ್ಕೊಂಡು ಇನ್ನೊಂದ್ಸಲ ಬಿಚ್ಚಿದೆ, ಎರಡು ಹೆಡ್ ಗ್ಯಾಸ್ಕೆಟ್ ದಂಡ, ನಾಲ್ಕು ದಿನ ನೀರಿಲ್ಲ, ಮನೇಲಿ ಮಾತಿಲ್ಲ. ಕೊನೆಗೆ ಪಕ್ಕದ ಊರಿನ ವಯಸ್ಸಾದ ಮೇಸ್ತ್ರಿ ಒಬ್ರು ಬಂದು ಸ್ಪ್ಯಾನರ್ ಮುಟ್ಟೋ ಮುಂಚೆ ಕೇಳಿದ್ದು ಒಂದೇ, ಪಂಪ್ ಅಡಿ ಏನಿಟ್ಟಿದೀಯಪ್ಪಾ ಅಂತ. ಇಂಥ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.1 ಮಿಲಿಮೀಟರ್ ಶಿಮ್ ಅಂದ್ರೆ ಸುಮಾರು ಒಂದು ಡಿಗ್ರಿ ಟೈಮಿಂಗ್ (ಫ್ಲೈವೀಲ್ ಎಲ್ಲಿಗೆ ತಿರುಗಿದಾಗ ಡೀಸೆಲ್ ಬೀಳತ್ತೆ ಅನ್ನೋದು), ಶಿಮ್ ಜಾಸ್ತಿ ಆದ್ರೆ ಪಂಪ್ ಮೇಲೇರಿ ಡೀಸೆಲ್ ತಡ ಆಗತ್ತೆ, ಬಿಳಿ ಹೊಗೆ. ಕಮ್ಮಿ ಆದ್ರೆ ಬೇಗ ಬಿದ್ದು ಇಂಜಿನ್ ಟಣ ಟಣ ಅಂತ ಸುತ್ತಿಗೇಲಿ ಹೊಡೆದಂಗೆ ಬಡ್ಕೊಳತ್ತೆ, ಹ್ಯಾಂಡಲ್ ವಾಪಸ್ ಒದಿಯತ್ತೆ. ನಿಮ್ಮದು ಬಡ್ಕೊಳ್ತಿದೆ ಅಂತ ಬರ್ದಿಲ್ಲ, ಅದಕ್ಕೇ ತಡ ಆಗ್ತಿದೆ ಅಂತ ನನ್ ಗುಮಾನಿ.

ಟೈಮಿಂಗ್ ನೋಡೋಕೆ ಇಂಜಿನ್ ಬಿಚ್ಚೋದೇ ಬೇಡ. ಪಂಪಿಂದ ನಾಜಲ್‌ಗೆ ಹೋಗೋ ಕಬ್ಬಿಣದ ಪೈಪ್ ಬಿಚ್ಚಿ, ಟ್ಯಾಂಕ್ ಕಾಕ್ ಓಪನ್ ಇರ್ಲಿ, ಆಕ್ಸಿಲರೇಟರ್ ಪೂರ್ತಿ ಕೊಡಿ, ಪಂಪ್ ಬಾಯಲ್ಲಿ ಡೀಸೆಲ್ ತುಂಬಿ ನಿಲ್ಲೋತನಕ ಫ್ಲೈವೀಲ್ ತಿರುಗ್ಸಿ. ಆಮೇಲೆ ಓಡೋ ದಿಕ್ಕಲ್ಲೇ ತುಂಬಾ ನಿಧಾನ ತಿರುಗಿಸ್ತಾ ಆ ಬಾಯಲ್ಲಿ ನಿಂತಿರೋ ಡೀಸೆಲ್ಲನ್ನೇ ನೋಡ್ತಿರಿ, ಅದು ಅಲುಗಾಡಿ ಉಬ್ಬಿದ ಕ್ಷಣ ನಿಲ್ಸಿ. ಆಗ ಫ್ಲೈವೀಲ್ ಮೇಲಿನ ಇಂಜೆಕ್ಷನ್ ಗುರುತು ಪಾಯಿಂಟರ್‌ಗೆ ಸರಿಯಾಗಿ ಬಂದಿರ್ಬೇಕು. ಗುರುತು ದಾಟಿ ಟಿಡಿಸಿ (ಪಿಸ್ಟನ್ ಹೆಡ್ ಕಡೆ ಪೂರ್ತಿ ತುದಿಗೆ ಬರೋ ಗುರುತು) ಕಡೆ ಹೋಗಿದ್ರೆ ತಡ ಆಗಿದೆ ಅಂತ, ಒಂದು ಶಿಮ್ ತೆಗೀರಿ, ಮತ್ತೆ ನೋಡಿ. ಎಷ್ಟು ಡಿಗ್ರಿ ಅನ್ನೋದು ನಿಮ್ ಮ್ಯಾನ್ಯುಯಲ್‌ನಲ್ಲಿರತ್ತೆ, ಅದೇ ಕೊನೇ ಮಾತು, ನಂದಲ್ಲ. ಇದಕ್ಕೆ ಒಂದು ಗಂಟೆ ಸಾಕು.

ಟೈಮಿಂಗ್ ಸರಿ ಇದ್ರೆ ನಾಜಲ್. ಅದನ್ನ ಎಳೆದು ತೆಗೆದ್ಮೇಲೆ ಆ ತೂತಿಗೆ ಟಾರ್ಚ್ ಹಾಕಿ ನೋಡಿ, ತಳದಲ್ಲಿ ತಾಮ್ರದ ವಾಷರ್ ಎಷ್ಟಿದೆ ಅಂತ. ಹಳೇದು ಮಸಿ ಹಿಡಿದು ತಳಕ್ಕೆ ಕಚ್ಕೊಂಡಿರತ್ತೆ, ಕಾಣಲ್ಲ, ಅದರ ಮೇಲೆ ಹೊಸದು ಹಾಕಿರ್ತಾರೆ. ನಾಜಲ್ ತುದಿ ಒಂದು ವಾಷರ್ ದಪ್ಪದಷ್ಟು ಮೇಲೆ ಕೂತ್ರೆ ಡೀಸೆಲ್ ಪಿಸ್ಟನ್ ಗುಂಡಿಗೆ ಬೀಳೋ ಬದ್ಲು ಬೇರೆಲ್ಲೋ ಬಡಿಯತ್ತೆ, ಸರಿಯಾಗಿ ಸುಡಲ್ಲ. ನಮ್ ಭಾವನ ಟಿಲ್ಲರ್‌ದು ಇದೇ ಆಗಿತ್ತು, ಹದಿನೈದು ದಿನ ಗ್ಯಾರೇಜು, ತಪ್ಪು ಒಂದು ವಾಷರ್. ವಾಷರ್ ಸರಿ ಇದ್ರೆ ನಾಜಲ್ಲನ್ನ ಪಂಪ್ ನಾಜಲ್ ಅಂಗಡೀಗೆ ತಗೊಂಡೋಗಿ ಟೆಸ್ಟರ್‌ಗೆ ಹಾಕ್ಸಿ, ನೀವು ಪಕ್ಕದಲ್ಲೇ ನಿಂತು ನೋಡಿ. ಡೈರೆಕ್ಟ್ ಇಂಜೆಕ್ಷನ್ (ಡೀಸೆಲ್ ಸೀದಾ ಪಿಸ್ಟನ್ ಮೇಲೇ ಸಿಡಿಯೋ) ಇಂಜಿನ್ ಆದ್ರೆ ಸಾಮಾನ್ಯವಾಗಿ 200 ಬಾರ್ ಆಸುಪಾಸಲ್ಲಿ ಓಪನ್ ಆಗ್ಬೇಕು, ಮಂಜಿನ ಥರ ಸಿಡೀಬೇಕು, ಸಿಡಿದು ನಿಂತ್ಮೇಲೆ ತುದೀಲಿ ಹನಿ ತೊಟ್ಟಿಕ್ಕಬಾರ್ದು. ಮನೇಲೇ ನಾಜಲ್ ಹೊರಗಿಟ್ಟು ಹ್ಯಾಂಡಲ್ ತಿರುಗ್ಸಿ ನೋಡ್ತೀನಿ ಅಂದ್ರೆ ಕೈ ಅದರ ಮುಂದೆ ತರ್ಲೇಬೇಡಿ, ಆ ಧಾರೆ ಚರ್ಮ ಸೀಳಿ ಒಳಗೆ ಹೋಗತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣತ್ತೆ, ಒಳಗೆ ಬೆರಳೇ ಕೊಳೆಯತ್ತೆ, ಹಂಗಾದ್ರೆ ಅದೇ ಗಳಿಗೆ ಆಸ್ಪತ್ರೆಗೆ ಓಡ್ಬೇಕು.

ಹಾಂ, ಪೈಪ್ ಬಿಚ್ಚಿದ್ಮೇಲೆ ಡೀಸೆಲ್ ಲೈನ್‌ನಲ್ಲಿ ಸೇರಿರೋ ಏರ್ ತೆಗೆಯೋದು ಮರೀಬೇಡಿ. ಏರ್ ಉಳಿದ್ರೂ ಮಿಸ್ ಹೊಡೆದು ಬಿಟ್ಟು ಬಿಟ್ಟು ಬಿಳಿ ಹೊಗೆ ಬರತ್ತೆ, ಹೊಸ ತಲೆನೋವು. ವಾಲ್ವ್ ತಲೆ ಮೇಲಿನ ಸಂದು, ಅಂದ್ರೆ ಟ್ಯಾಪೆಟ್ ಗ್ಯಾಪ್, ಇಂಜಿನ್ ತಣ್ಣಗಿದ್ದಾಗ ಒಂದ್ಸಲ ನೋಡಿ, ತುಂಬಾ ಟೈಟ್ ಇದ್ರೆ ವಾಲ್ವ್ ಪೂರ್ತಿ ಕೂರ್ದೇ ಕಂಪ್ರೆಷನ್ ಹೋಗಿರತ್ತೆ. ಹೆಡ್ ಗ್ಯಾಸ್ಕೆಟ್ ಅನುಮಾನ ಇದ್ರೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬರತ್ತಾ ನೋಡಿ, ಡಿಪ್ ಸ್ಟಿಕ್ ಮೇಲೆ ಹಾಲು ಕಾಫಿ ಬಣ್ಣ ಇದ್ರೆ ನೀರು ಇಳಿದಿದೆ. ನಿಮ್ಮದ್ರಲ್ಲಿ ನೀರು ಕಮ್ಮಿ ಆಗ್ತಿಲ್ಲ ಅಂದ್ರಿ, ಹಂಗಾಗಿ ಇದರ ಚಾನ್ಸ್ ಕಮ್ಮಿ.

ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಹೊಸ ರಿಂಗ್ ಹೊಸ ಲೈನರ್‌ಗೆ ಸೆಟ್ ಆಗೋಕೆ ಟೈಮ್ ಬೇಕು, ಅಲ್ಲೀತನಕ ಸ್ವಲ್ಪ ನೀಲಿ ಇರತ್ತೆ, ಆದ್ರೆ ಅದು ದಿನದಿಂದ ದಿನಕ್ಕೆ ಕಮ್ಮಿ ಆಗ್ತಾ ಹೋಗ್ಬೇಕು, ಮೊದಲ ದಿನದಷ್ಟೇ ಇದ್ರೆ ಸೆಟ್ ಆಗ್ತಿಲ್ಲ ಅಂತ. ಮತ್ತೆ ಹತ್ತು ಗಂಟೆ ಸುಮ್ನೆ ಓಡ್ಸಿ ಅನ್ನೋದಿದ್ಯಲ್ಲ, ಅದೇ ತಪ್ಪು. ಲೋಡಿಲ್ದೇ ಐಡಲ್‌ನಲ್ಲಿ ಗಂಟೆಗಟ್ಲೆ ಬಿಟ್ರೆ ರಿಂಗನ್ನ ಗೋಡೆಗೆ ಒತ್ತೋ ಪ್ರೆಷರ್ರೇ ಇರಲ್ಲ, ಲೈನರ್ ಒಳಗೆ ಕನ್ನಡಿ ಥರ ನುಣುಪು ಪದರ ಕೂತ್ಬಿಡತ್ತೆ, ಆಮೇಲೆ ಆ ರಿಂಗ್ ಯಾವತ್ತೂ ಆಯಿಲ್ ಹಿಡಿಯಲ್ಲ. ಬಿಸಿ ಮಾಡಿ ಅರ್ಧ ಲೋಡ್ ಕೊಡಿ, ಒಣ ನೆಲದಲ್ಲಿ ಮೇಲ್ಮೇಲೆ ಹೊಡೀರಿ, ಖಾಲಿ ಟ್ರೇಲರ್ ಎಳೀರಿ. ಆದ್ರೆ ಇದು ಬಿಳಿ ಹೊಗೆ ನಿಂತ್ಮೇಲೆ, ಅದು ಇರೋವಾಗ ಅಲ್ಲ.

ಇಷ್ಟೆಲ್ಲ ಸರಿ ಇದ್ದು, ನೀಲಿ ಹಂಗೇ ಇದ್ದು, ಬ್ರೀದರ್‌ನಲ್ಲಿ (ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಕೊಳವೆ) ಗಾಳಿ ಬುಸ್ ಬುಸ್ ಅಂತ ಹೊಡೀತಿದ್ರೆ ಆವಾಗ ಬಿಚ್ಚಿಸಿ. ಬಿಚ್ಚೋವಾಗ ನೀವು ಹತ್ರ ಇದ್ದು ನೋಡ್ಬೇಕಾದ್ದು ರಿಂಗ್ ಮೇಲಿನ ಗುರುತು, ಆ ಗುರುತು ಇರೋ ಮುಖ ಮೇಲಕ್ಕೇ ಇರ್ಬೇಕು. ಎರಡನೇ ರಿಂಗ್ ತಲೆಕೆಳಗಾಗಿದ್ರೆ ಆಯಿಲ್ ಕೆಳಗೆ ಹೆರೆಯೋ ಬದ್ಲು ಮೇಲಕ್ಕೆ ತಳ್ಳತ್ತೆ, ಎಷ್ಟು ಗಂಟೆ ಓಡ್ಸಿದ್ರೂ ನಿಲ್ಲಲ್ಲ. ರಿಂಗ್ ಬಾಯಿಗಳು ಒಂದೇ ಸಾಲಲ್ಲಿ ಬಂದಿದ್ಯಾ ಅದನ್ನೂ ನೋಡಿ.

ಕೆಸರಿಗೆ ಈಗ ಇಳಿಸ್ಬಹುದಾ ಅಂದ್ರೆ, ಬರೀ ತೆಳು ನೀಲಿ ಆದ್ರೆ ಇಳಿಸಿ, ಆಯಿಲ್ ದಿನಾ ನೋಡ್ಕೊಳ್ಳಿ. ಕಣ್ಣು ಉರಿಯೋ ಬಿಳಿ ಆದ್ರೆ ನಾನಂತೂ ಇಳಿಸಲ್ಲ, ಬಾಡಿಗೆ ಟಿಲ್ಲರ್ ತಂದು ಮುಗಿಸ್ತೀನಿ. ನಾಳೆ ಬೆಳಿಗ್ಗೆ ಮೊದ್ಲು ಆ ಏರ್ ಕ್ಲೀನರ್ ಬೌಲ್ ಬಿಚ್ಚಿ, ಆಮೇಲೆ ಪಂಪ್ ಅಡಿ ಎಷ್ಟು ಶಿಮ್ ಇದೆ ಎಣಿಸಿ, ಹಳೇವು ಎಷ್ಟಿದ್ವು ಅಂತ ಮೆಕ್ಯಾನಿಕ್‌ನ ಕೇಳಿ, ಅವನು ಯೋಚ್ನೆ ಮಾಡೋಕೆ ಶುರು ಮಾಡಿದ್ರೆ ಅಲ್ಲೇ ಇದೆ ಅಂತ ಇಟ್ಕೊಳ್ಳಿ. ರಟ್ಟಿನ ಮೇಲೆ ಏನ್ ಕಲೆ ಬಂತು ಅಂತ ಇಲ್ಲೇ ಬರೀರಿ, ಸಂಜೆ ನೋಡ್ತೀನಿ.