ಇಂಜಿನಿಯರ್ ಕೆಲಸ ಬಿಟ್ಟು ಪಾಠ ಹೇಳಲು ಹೋದರೆ ಕಲಿತದ್ದು ವ್ಯರ್ಥವಾಗುತ್ತಾ?

ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೀರಿ, ಮಕ್ಕಳಿಗೆ ಒಬ್ಬೊಬ್ಬರಿಗೇ ಕೂತು ಪಾಠ ಹೇಳುವ ಆಸೆ ಇದೆ, ಆದರೆ ಇಷ್ಟು ವರ್ಷ ಕಲಿತದ್ದು ನೀರುಪಾಲಾಗುತ್ತಾ ಎಂದು ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು. ಖಂಡಿತ ಆಗುವುದಿಲ್ಲ. ಬಗ್, ಅಂದರೆ ಪ್ರೋಗ್ರಾಂನಲ್ಲಿ ಅಡಗಿದ ತಪ್ಪು, ಹುಡುಕುವ ಅಭ್ಯಾಸವಂತೂ ಇಲ್ಲಿ ದಿನವೂ ಬೇಕು.

ಒಂದು ಮಗು 52ರಲ್ಲಿ 38 ಕಳೆದು 26 ಎಂದು ಬರೆಯಿತು ಅನ್ನಿ. ತಪ್ಪು ಗುರುತು ಹಾಕಿ ಮುಂದೆ ಹೋಗಬೇಡಿ. 71ರಲ್ಲಿ 45 ಕಳೆಯಲು ಕೊಡಿ. 34 ಎಂದು ಬರೆದರೆ ವಿಷಯ ಗೊತ್ತಾಯಿತು, ಅಲ್ವಾ? ಅದು ಬಾಯಿಗೆ ಬಂದ ಉತ್ತರವಲ್ಲ. ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ. ತಾನೇ ಮಾಡಿಕೊಂಡ ನಿಯಮವನ್ನು ತಪ್ಪದೆ ಪಾಲಿಸುತ್ತಿದೆ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ಇಂಥ ತಪ್ಪುಗಳನ್ನು ಬಗ್ ಎಂದೇ ಕರೆದು ಪ್ರಬಂಧ ಬರೆದರು. ಅವರ ‘ಬಗ್ಗಿ’ ಎಂಬ ಪ್ರೋಗ್ರಾಂ ಮಗುವಿನ ಹಾಗೆಯೇ ತಪ್ಪು ಉತ್ತರ ಕೊಡುತ್ತಿತ್ತು. ಅದರ ಹಿಂದಿನ ನಿಯಮ ಯಾವುದು ಎಂದು ಶಿಕ್ಷಕರಾಗಲಿರುವವರು ಕಂಡುಹಿಡಿಯಬೇಕಿತ್ತು. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಇನ್ನೇನು ಬೇಕು!

ಒಂದು ವ್ಯತ್ಯಾಸ ಇದೆ, ದೊಡ್ಡದೇ. ಕೋಡ್‌ನಲ್ಲಿ ತಪ್ಪು ಸಿಕ್ಕಿದರೆ ನೀವೇ ತಿದ್ದುತ್ತೀರಿ. ಇಲ್ಲಿ ಮಗುವೇ ತಿದ್ದಿಕೊಳ್ಳಬೇಕು. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಜೊತೆಗೆ ಎರಡು ಬಿಡಿ ಕಡ್ಡಿ ಕೊಡಿ. ಮೂವತ್ತೆಂಟು ಕಡ್ಡಿ ತೆಗೆದುಕೊಡು ಅನ್ನಿ. ಆಮೇಲೆ ಸುಮ್ನೆ ಕೂರಿ. ಬಿಡಿ ಕಡ್ಡಿ ಸಾಲದೆ ಹೋದಾಗ ಮಗು ತಾನಾಗಿಯೇ ಒಂದು ಕಟ್ಟು ಬಿಚ್ಚುತ್ತದೆ. ಆ ಹೊತ್ತು ಕಾಯುವುದನ್ನು ಕಲಿತರೆ ಅರ್ಧ ಕೆಲಸ ಕಲಿತ ಹಾಗೆ.

ತುಂಬಿದ ತರಗತಿಯಲ್ಲಿ ಶಿಕ್ಷಕರಿಗೆ ಇದೆಲ್ಲ ಗೊತ್ತಿರುತ್ತದೆ, ಸಮಯ ಇರುವುದಿಲ್ಲ. ಒಬ್ಬೊಬ್ಬರಿಗೇ ಪಾಠ ಹೇಳಿದಾಗ ಸಾಧಾರಣ ವಿದ್ಯಾರ್ಥಿಯೂ ಮಾಮೂಲಿ ತರಗತಿಯ ಶೇ. 98ರಷ್ಟು ಮಕ್ಕಳನ್ನು ಮೀರಿಸಿದ ಎಂದು 1984ರಲ್ಲಿ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಬರೆದಿದ್ದರು. ನಂತರದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಂಡಿಲ್ಲ. ಆದರೂ ಲಾಭ ಇರುವುದು ನಿಜ.

ಈಗಲೇ ರಾಜೀನಾಮೆ ಕೊಡಬೇಡಿ. ಸಂಬಳ ಕಡಿಮೆಯಾಗುತ್ತದೆ, ಮನೆಯವರ ಜೊತೆ ಅದನ್ನು ಮೊದಲೇ ಮಾತಾಡಿ. ವಾರಕ್ಕೊಂದು ದಿನ ಒಂದೇ ಮಗುವಿಗೆ ಕೆಲವು ತಿಂಗಳು ಪಾಠ ಹೇಳಿ ನೋಡಿ. ಒಂದು ನೋಟ್‌ಬುಕ್ ಇಡಿ. ಅದರಲ್ಲಿ ಅಂಕ ಬರೆಯಬೇಡಿ, ಮಗು ಕೊಟ್ಟ ತಪ್ಪು ಉತ್ತರ ಮತ್ತು ಅದು ಹಾಗೆ ಯೋಚಿಸಿದ್ದೇಕೆ ಎಂಬುದನ್ನು ಬರೆಯಿರಿ. ದೊಡ್ಡ ಮಕ್ಕಳಾದರೆ ಮುಂದೇನು ಓದಲಿ ಎಂದೂ ಕೇಳುತ್ತಾರೆ. ಆಗ ನೀವು ಬಂದ ದಾರಿಯನ್ನೇ ತೋರಿಸಬೇಡಿ, ಅವರಿಗೆ ಯಾವುದು ಹಿಡಿಸುತ್ತದೆ ಎಂದು ಕೇಳಿಸಿಕೊಳ್ಳಿ.

ಯಾವ ತರಗತಿಯ ಮಕ್ಕಳು, ಯಾವ ವಿಷಯ ಎಂದು ಬರೆಯಿರಿ. ಮೊದಲ ಕೆಲವು ವಾರ ಏನು ಕೇಳಬೇಕು ಎಂದು ಹೇಳಬಲ್ಲೆ.